ಮೂರು ಕಡೆ ಬಾಡಿಗೆಗೆ ಇದ್ದು ನೋಡಿದೆ, ನನ್ನ ಓಟು ಸುರತ್ಕಲ್‌ಗೆ

ಮಂಗಳೂರಿನ ಹೊರಗೆ ಎಲ್ಲಿ ಮನೆ ಮಾಡಿದ್ರೆ ಒಳ್ಳೇದು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೇನೆ, ಸುರತ್ಕಲ್. ದೇರಳಕಟ್ಟೆಯಲ್ಲಿ ಒಂದು ವರ್ಷ, ಸೋಮೇಶ್ವರದಲ್ಲಿ ಹನ್ನೊಂದು ತಿಂಗಳು, ಈಗ ಸುರತ್ಕಲ್‌ನಲ್ಲಿ ಮೂರನೇ ಮಳೆಗಾಲ. ಸಾಮಾನು ಟೆಂಪೋಗೆ ಹತ್ತಿಸಿ ಇಳಿಸಿಯೇ ಸಾಕಾಗಿ ಹೋಯ್ತು ಮಾರಾಯ್ರೆ.

ದೇರಳಕಟ್ಟೆಗೆ ಹೋದದ್ದು ಅಮ್ಮನಿಗೋಸ್ಕರ. ಅಲ್ಲಿ ಒಂದೇ ರಸ್ತೆಯಲ್ಲಿ ದೊಡ್ಡ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಉಂಟು, ಬಿಪಿ ಶುಗರ್ ಚೆಕಪ್‌ಗೆ ಪೇಟೆವರೆಗೆ ಹೋಗ್ಲಿಕ್ಕಿಲ್ಲ. ಬಾಡಿಗೆ 11 ಸಾವಿರ, ಗುಡ್ಡದ ಮೇಲಿನ ಗಾಳಿ, ಕೆಂಪು ಕಲ್ಲಿನ ಕಾಂಪೌಂಡ್, ನೋಡಿದ ಕೂಡ್ಲೇ ಮನಸ್ಸಿಗೆ ಹಿಡಿಸಿತು. ಹಗಲು ಹೊತ್ತು ನೋಡಿ ಅಡ್ವಾನ್ಸ್ ಕೊಟ್ಟದ್ದೇ ತಪ್ಪಾಯ್ತು.

ಯಾಕಂದ್ರೆ ನಂದು ಮಂಗಳೂರು ಪೇಟೆಯ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಶಟರ್ ಎಳೆಯುವಾಗ ರಾತ್ರಿ ಎಂಟೂವರೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಓಡಿ ಬಂದ್ರೆ, ದೇರಳಕಟ್ಟೆ ಮೇಲೆ ಹೋಗುವ, ಹಗಲು ಐದೈದು ನಿಮಿಷಕ್ಕೆ "ಕೊಣಾಜೆ ಕೊಣಾಜೆ" ಅಂತ ಬೊಬ್ಬೆ ಹಾಕುವ ಬಸ್ಸುಗಳೆಲ್ಲ ಎಲ್ಲಿಗೆ ಹೋಗ್ತವೋ ದೇವರೇ ಬಲ್ಲ, ಇದ್ದ ಒಂದರ ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದು "ತೊಕ್ಕೊಟ್ಟು ಮಾತ್ರ" ಅಂತಾನೆ. ಅಂದ್ರೆ ಹೈವೇಯಿಂದ ದೇರಳಕಟ್ಟೆಗೆ ತಿರುಗುವ ಜಂಕ್ಷನ್‌ವರೆಗೆ. ಸರಿ, ಹತ್ತಿದ್ದು. ಪಂಪ್‌ವೆಲ್ ಫ್ಲೈಓವರ್ ಕಟ್ಲಿಕ್ಕೆ ಹತ್ತು ವರ್ಷ ತಗೊಂಡು 2020ರಲ್ಲಿ ಓಪನ್ ಮಾಡಿದ್ರಲ್ಲ, ಬಸ್ಸಿನವನು ಅದರ ಕೆಳಗೆಯೇ ಹೋಗಿ ಜನ ತುಂಬಿಸ್ಬೇಕು, ಆಮೇಲೆ ನೇತ್ರಾವತಿ ಸೇತುವೆ. ತೊಕ್ಕೊಟ್ಟಲ್ಲಿ ಇಳಿದು ಕಾಯೋದು, ಮಳೆ ಬಂದ್ರೆ ಚಪ್ಪಲಿ ಕೈಯಲ್ಲಿ.

ಕಡೆಗೆ ರಿಕ್ಷಾ. "ವಾಪಸ್ ಬರುವಾಗ ಖಾಲಿ ಅಣ್ಣಾ" ಅಂತ 150 ಕೇಳ್ತಾರೆ, ಅವರದ್ದೂ ತಪ್ಪು ಅಂತ ಹೇಳ್ಲಿಕ್ಕಾಗೂದಿಲ್ಲ. ಒಂದು ತಿಂಗಳು ಡೈರಿಯಲ್ಲಿ ಬರೆದಿಟ್ಟೆ, ಅಭ್ಯಾಸ ಅಲ್ವಾ. 14 ದಿನ ರಿಕ್ಷಾ, 2100 ರೂಪಾಯಿ. ಮೊದಲು ಸುರತ್ಕಲ್‌ನಲ್ಲಿ ನೋಡಿದ್ದ ಮನೆಗೆ ಬಾಡಿಗೆ 13 ಸಾವಿರ, ಅದು ಜಾಸ್ತಿ ಆಯ್ತು ಅಂತ ಬಿಟ್ಟದ್ದಲ್ವಾ, ಉಳಿಸಿದ ಎರಡು ಸಾವಿರ ತೊಕ್ಕೊಟ್ಟಲ್ಲೇ ಹೋಯ್ತು, ಮೇಲಿಂದ ಊಟಕ್ಕೆ ಕೂತಾಗ ಹತ್ತು ಗಂಟೆ. ಏಪ್ರಿಲ್ ಮೇಯಲ್ಲಿ ಬಾವಿ ತಳ ಕಂಡು ಟ್ಯಾಂಕರ್ ತರಿಸಿದ್ದು ಬೇರೆ.

ಸೋಮೇಶ್ವರದ್ದು ಎಂತ ಹೇಳೋದು, ಸಮುದ್ರದ ಪಕ್ಕದ ರುದ್ರಪಾದೆ ಬಂಡೆ ಮೇಲೆ ಕೂತು ಸಂಜೆ ಕಳೀಲಿಕ್ಕೆ ಅಷ್ಟು ಚಂದದ ಜಾಗ ಇಲ್ಲ. ಆದ್ರೆ ಉಪ್ಪು ಗಾಳಿ! ಗ್ಯಾಸ್ ಸ್ಟವ್‌ನ ಕಾಲು, ಕಿಟಕಿಯ ಚಿಲಕ, ಸ್ಕೂಟರಿನ ಸೈಲೆನ್ಸರ್ ಎಲ್ಲ ಒಂದೇ ಮಳೆಗಾಲಕ್ಕೆ ತುಕ್ಕು. ಅಗ್ರಿಮೆಂಟ್ ಮುಗಿದ ದಿನವೇ ಹೊರಟೆವು.

ಆ ಬುದ್ಧಿ ಬಂದ ಮೇಲೆ ಸುರತ್ಕಲ್‌ನಲ್ಲಿ ಬೀಚ್ ಕಡೆ ನೋಡ್ಲೇ ಇಲ್ಲ, ಹೈವೇಯ ಪೂರ್ವಕ್ಕೆ ಕೃಷ್ಣಾಪುರ ರಸ್ತೆಯಲ್ಲಿ ಹಿಡಿದೆ. ಪೇಟೆಯಿಂದ ದೂರ ಜಾಸ್ತಿಯೇ, ಆದ್ರೆ ಉಡುಪಿ, ಕುಂದಾಪುರ ಕಡೆ ಹೋಗುವ ಯಾವ ಬಸ್ಸಾದ್ರೂ ನಮ್ಮ ಬಸ್ಸೇ, ಒಂಬತ್ತು ಗಂಟೆಗೂ ಧೈರ್ಯ ಉಂಟು. ಹೆಂಡತಿಯ ತವರು ಕಾಪು, ಅವಳಿಗೂ ಒಂದೇ ಬಸ್. ಮುಂಬೈಯಿಂದ ಭಾವ ಬರುವುದಾದ್ರೆ ಮತ್ಸ್ಯಗಂಧ ರೈಲಿನಲ್ಲಿ ಇಲ್ಲೇ ಇಳೀತಾರೆ. ಬೂತಾಯಿ ಬಂಗುಡೆ ಮೀನಿಗೆ ಮಾರ್ಕೆಟ್ ಹತ್ತಿರ. ತರಕಾರಿಯೂ.

ಅಮ್ಮನ ಚೆಕಪ್‌ಗೆ ಮಾತ್ರ ದೇರಳಕಟ್ಟೆಗೆ ಎರಡು ಬಸ್, ತಿಂಗಳಿಗೊಂದು ರಜೆ ಅದಕ್ಕೇ ಹೋಗ್ತದೆ. ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆದ್ರೆ ಮುಕ್ಕಾಲು ಗಂಟೆ ಗೋವಿಂದ, ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು, ಕೆಲವು ರಾತ್ರಿ ಫ್ಯಾಕ್ಟರಿ ಕಡೆಯಿಂದ ವಾಸನೆಯೂ ಬರ್ತದೆ. ಸುರತ್ಕಲ್ ಟೋಲ್ ಗೇಟ್ 2022ರ ಡಿಸೆಂಬರ್‌ನಲ್ಲಿ ನಿಂತದ್ದು ಕಾರಿನವರಿಗೆ ಲಾಭ, ನನಗೆಂತ ಅದರಿಂದ.

ಸಂಜೆಯೇ ಕೆಲಸ ಬಿಡುವವರು, ಸ್ವಂತ ಗಾಡಿ ಇದ್ದವರು ದೇರಳಕಟ್ಟೆ ಧಾರಾಳ ನೋಡಿ. ನಮ್ಮ ಮಗನಿಗೆ ಬೇಕಾದ್ದು ಮಾತ್ರ ಇಲ್ಲೇ ಉಂಟು: ಸುರತ್ಕಲ್ ಸ್ಟೇಷನ್ನಿನಲ್ಲಿ ಲಾರಿಗಳನ್ನೇ ರೈಲಿಗೆ ಹತ್ತಿಸ್ತಾರಲ್ಲ ಆ ರೋರೋ, ಭಾನುವಾರ ಅದನ್ನು ನೋಡ್ಲಿಕ್ಕೆ ಅಂತ ಎಳ್ಕೊಂಡು ಹೋಗ್ತಾನೆ, ಎಷ್ಟು ಲಾರಿ ಹತ್ತಿತು ಅಂತ ಲೆಕ್ಕ ನನ್ನ ಡೈರಿಯಲ್ಲೇ ಬರೀಬೇಕು.