ಮತ್ತೆ ಬರೆಯಲು ಕೂತವರಿಗೆ ಯಾವ ಕೀಲಿಮಣೆ? ನುಡಿ, ಜಿಬೋರ್ಡ್, ಧ್ವನಿ ಟೈಪಿಂಗ್: ಒಂದು ವಿಮರ್ಶೆ

ಕಥೆ, ಕವಿತೆ ಬರೆಯುವುದನ್ನು ಹತ್ತು ಹದಿನೈದು ವರ್ಷ ಬಿಟ್ಟಿದ್ದವರು ಮತ್ತೆ ಕೂತರೆ ಮೊದಲ ವಾರ ಹೋಗುವುದು ಬರೆಯುವುದಕ್ಕಲ್ಲ, ಸಾಫ್ಟ್‌ವೇರ್ ಹಾಕಿಕೊಳ್ಳುವುದಕ್ಕೆ. ಬಿಟ್ಟಾಗ ಕೈಯಲ್ಲಿದ್ದ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಆವೃತ್ತಿ, ಬರಹ ಅಥವಾ ಶ್ರೀಲಿಪಿ. ಈಗ ಕಂಪ್ಯೂಟರ್ ಬೇರೆ, ಫೋನ್ ಬೇರೆ, ಹಳೆಯ ಫೈಲು ತೆರೆದರೆ ಕನ್ನಡದ ಬದಲು ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲು. ಅಷ್ಟಕ್ಕೇ ಅರ್ಧ ಜನ ಕೈಬಿಡುತ್ತಾರೆ. ಅವರಿಗಾಗಿ ಈ ವಿಮರ್ಶೆ. ಪತ್ರ, ವರದಿ ಟೈಪ್ ಮಾಡುವವರ ಅಗತ್ಯ ಬೇರೆ. ಇಲ್ಲಿ ನೋಡುತ್ತಿರುವುದು ಸೃಜನಶೀಲ ಬರವಣಿಗೆಯ ಮೊದಲ ಕರಡನ್ನು ಯಾವ ಸಾಧನ ಬೇಗ ಇಳಿಸಿಕೊಡುತ್ತದೆ ಎಂಬುದನ್ನು ಮಾತ್ರ.

ತೀರ್ಪು ಮೊದಲೇ ಹೇಳಿಬಿಡಬಹುದು. ಕಂಪ್ಯೂಟರಿನಲ್ಲಿ ಕರಡು ಬರೆಯಲು ನುಡಿಯಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಸಾಟಿಯಿಲ್ಲ. ಅದು ಬರುವುದಿಲ್ಲವೆಂದರೆ, ಕಲಿಯುವವರೆಗೆ ಪೆನ್ನು ಕಾಗದವೇ ಸರಿ. ಫೋನಿನಲ್ಲಿ ಬಳಸುವ ಗೂಗಲ್ ಕೀಲಿಮಣೆ ಜಿಬೋರ್ಡ್ ಟಿಪ್ಪಣಿಗೆ ಒಳ್ಳೆಯದು, ಕಥೆಗೆ ಅಲ್ಲ. ಧ್ವನಿ ಟೈಪಿಂಗ್ ಹೊಸದಾಗಿ ಬರೆಯುವುದಕ್ಕಿಂತ ಬರೆದದ್ದನ್ನು ನಕಲು ಮಾಡುವುದಕ್ಕೆ ಒದಗುತ್ತದೆ.

ಕಾರಣ ಇಷ್ಟೆ. ಬಿಟ್ಟುಹೋದ ಅಭ್ಯಾಸ ಮರಳುವಾಗ ವಾಕ್ಯ ಮನಸ್ಸಿನಲ್ಲಿ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲಿ ಸಾಧನವು ‘ಇದೋ, ಅದೋ’ ಎಂದು ಕೇಳಿದರೆ ವಾಕ್ಯ ಜಾರಿಹೋಗುತ್ತದೆ. ಹಾಗಾಗಿ ಇಲ್ಲಿ ಅಳೆಯಬೇಕಾದದ್ದು ವೇಗವನ್ನಲ್ಲ, ಪ್ರತಿ ಪದಕ್ಕೂ ಸಾಧನ ಎಷ್ಟು ಸಲ ಆಯ್ಕೆ ಕೇಳುತ್ತದೆ ಎಂಬುದನ್ನು.

ನುಡಿ ಮತ್ತು ಕೆ.ಪಿ. ರಾವ್ ವಿನ್ಯಾಸ

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತ. ಅದರ ಜೀವ ಇರುವುದು ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ. ಈ ವಿನ್ಯಾಸದಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದರೆ ‘ಖ’. ಒತ್ತಕ್ಷರಕ್ಕೆ ಎಫ್ ಕೀಲಿ ಅರ್ಧಾಕ್ಷರ ಮಾಡಿಕೊಡುತ್ತದೆ. ಕ್ಯೂ ಎಂದರೆ ‘ಟ’, ಡಬ್ಲ್ಯು ಎಂದರೆ ‘ಡ’, ಟಿ ಎಂದರೆ ‘ತ’, ಡಿ ಎಂದರೆ ‘ದ’. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು: ಐದೇ ಕೀಲಿ. ಇದೇ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಏಳು ಕೀಲಿ, ಜೊತೆಗೆ ಕೊನೆಯದು ‘ದ’ವೋ ‘ಡ’ವೋ ಎಂಬ ಅನುಮಾನ. ‘ಸ್ತ್ರೀ’ಯಂಥ ಗಂಟು ಕೂಡ ಆರು ಕೀಲಿಯಲ್ಲಿ ಮುಗಿಯುತ್ತದೆ. ಒಂದು ಕೀಲಿಗೆ ಒಂದೇ ಅಕ್ಷರ, ಪಟ್ಟಿ ತೆರೆದುಕೊಳ್ಳುವುದಿಲ್ಲ. ಬೆರಳಿಗೆ ಒಮ್ಮೆ ಕೂತರೆ ಕಣ್ಣು ಪರದೆಯ ಮೇಲಿರಬೇಕೆಂದೂ ಇಲ್ಲ.

ಹಿಂದೆ ಬಳಸಿದ್ದವರಿಗೆ ಬೆರಳಿನ ನೆನಪು ಬೇಗ ಮರಳುತ್ತದೆ. ಸ್ವರ, ವ್ಯಂಜನ ಎರಡು ಮೂರು ದಿನದಲ್ಲೇ ಬರುತ್ತವೆ. ತಡೆಯುವುದು ಟ, ಡ ಮತ್ತು ಎಫ್ ಕೀಲಿ. ಹೊಸಬರು ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೂರಬೇಕು. ಅಭ್ಯಾಸಕ್ಕೆ ಸ್ವಂತ ಕಥೆ ಬೇಡ, ಎದುರಿಗಿರುವ ಯಾವುದಾದರೂ ಪುಟ ನೋಡಿ ಟೈಪ್ ಮಾಡಿ. ಕೀಲಿ ಹುಡುಕುವ ಕಷ್ಟ ಮತ್ತು ವಾಕ್ಯ ಹುಡುಕುವ ಕಷ್ಟ ಎರಡನ್ನೂ ಒಂದೇ ವಾರ ಹೊತ್ತರೆ ಎರಡೂ ಕೈಕೊಡುತ್ತವೆ.

ನುಡಿಯಲ್ಲಿ ಎಡವುವ ಜಾಗ ಎರಡು. ಹಳೆಯ ಆವೃತ್ತಿಗಳಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಅದಲುಬದಲು ಮಾಡಲು ಸ್ಕ್ರಾಲ್ ಲಾಕ್ ಕೀಲಿ ಬೇಕು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದೇ ಇಲ್ಲ. ವಿಂಡೋಸ್‌ನ ಪರದೆ ಕೀಲಿಮಣೆ ತೆರೆದರೆ ಅಲ್ಲಿ ಸಿಗುತ್ತದೆ, ಆದರೆ ದಿನವೂ ಆ ಕಸರತ್ತು ಯಾಕೆ? ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ. ಎರಡನೆಯದು ಇನ್ನೂ ದುಬಾರಿ. ಅಭ್ಯಾಸಬಲದಿಂದ ‘ನುಡಿ 01 ಇ’ ಫಾಂಟ್ ಆರಿಸಿ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ವಿಧಾನದಲ್ಲೇ ಬರೆಯಲು ಶುರುಮಾಡುತ್ತಾರೆ. ಆ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗೆಳೆಯರಿಗೆ ಫೋನಿನಲ್ಲಿ ಕಳಿಸಿದ ದಿನ ಅದು ಓದಲಾಗದ ಗೋಜಲಾಗುತ್ತದೆ. ಮೊದಲ ದಿನವೇ, ಎಲ್ಲ ಸಾಧನಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಆಯ್ಕೆ ಮಾಡಿ, ಎರಡು ಸಾಲು ಬರೆದು ನಿಮ್ಮದೇ ಫೋನಿಗೆ ಕಳಿಸಿ ನೋಡಿ. ಅಲ್ಲಿ ಕನ್ನಡ ಕಂಡರೆ ಸರಿ.

ಲಿನಕ್ಸ್ ಬಳಸುವವರಿಗೆ ಏನೂ ಇಳಿಸಿಕೊಳ್ಳುವ ಕೆಲಸವಿಲ್ಲ. ಕೀಲಿಮಣೆ ಪಟ್ಟಿಯಲ್ಲಿ ‘ಕನ್ನಡ ಕಗಪ’ ಎಂಬ ಹೆಸರಿನಲ್ಲಿ ಇದೇ ವಿನ್ಯಾಸ ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿಮಣೆ ಇನ್‌ಸ್ಕ್ರಿಪ್ಟ್ ಬರುತ್ತದೆ, 2019ರ ಅಪ್‌ಡೇಟ್‌ನಿಂದೀಚೆಗೆ ಇಂಗ್ಲಿಷ್ ಕಾಗುಣಿತದಿಂದ ಕನ್ನಡ ಮಾಡುವ ಫೊನೆಟಿಕ್ ಕೀಲಿಮಣೆಯೂ ಇದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಅದಲುಬದಲಾಗುತ್ತದೆ. ಇನ್‌ಸ್ಕ್ರಿಪ್ಟ್ ಬಲ್ಲವರು ಅದರಲ್ಲೇ ಇರಲಿ, ಅದೂ ಒಂದು ಕೀಲಿಗೆ ಒಂದು ಅಕ್ಷರ ಕೊಡುವ ವಿನ್ಯಾಸವೇ. ಫೊನೆಟಿಕ್ ಪಟ್ಟಿ ತೆರೆದು ಕೇಳುವ ಜಾತಿ. ಗೂಗಲ್ ಇನ್‌ಪುಟ್ ಟೂಲ್ಸ್‌ನ ವಿಂಡೋಸ್ ಆವೃತ್ತಿಯನ್ನು ಗೂಗಲ್ ನಿಲ್ಲಿಸಿದೆ. ಅದನ್ನು ಯಾವುದೋ ತಾಣದಿಂದ ಇಳಿಸಿಕೊಳ್ಳುವ ಸಾಹಸ ಬೇಡ.

ವರ್ಡ್‌ನಲ್ಲಿ ಒಂದು ಕೆಲಸ ಮರೆಯಬಾರದು: ಕಾಗುಣಿತ ತಪಾಸಣೆ ಆಫ್ ಮಾಡಿ. ಇಲ್ಲದಿದ್ದರೆ ಆಡುಮಾತಿನ ಪ್ರತಿ ಪದದ ಕೆಳಗೂ ಕೆಂಪು ಗೆರೆ. ಮೊದಲೇ ಅಳುಕಿರುವ ಕೈಗೆ ಆ ಗೆರೆ ‘ತಪ್ಪು, ತಪ್ಪು’ ಎನ್ನುತ್ತಲೇ ಇರುತ್ತದೆ. ಅಕ್ಷರ 14 ಪಾಯಿಂಟ್, ಸಾಲಿನ ಅಂತರ ಒಂದೂವರೆ ಇಡಿ. ಅದಕ್ಕಿಂತ ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನೋಟೋ ಸೆರಿಫ್ ಕನ್ನಡ ದೀರ್ಘ ಓದಿಗೆ ಹಿತವಾದ ಫಾಂಟ್.

ಜಿಬೋರ್ಡ್

ಫೋನಿನಲ್ಲಿ ಮೂರು ದಾರಿ: ಕನ್ನಡ ಅಕ್ಷರಗಳ ಕೀಲಿಮಣೆ, ಇಂಗ್ಲಿಷ್ ಕಾಗುಣಿತದಿಂದ ಕನ್ನಡ, ಮತ್ತು ಕೈಬರಹ. ಹೆಚ್ಚಿನವರು ಹಿಡಿಯುವುದು ಎರಡನೆಯದನ್ನು, ಅದೇ ಕಥೆಗೆ ಎಲ್ಲಕ್ಕಿಂತ ಕೆಟ್ಟದ್ದು. ನ-ಣ, ಲ-ಳ, ಶ-ಷ, ಹ್ರಸ್ವ-ದೀರ್ಘ ಎಲ್ಲವನ್ನೂ ಅದು ಊಹಿಸುತ್ತದೆ. ಸ್ಪೇಸ್ ಒತ್ತಿದ ಕೂಡಲೇ ಪಟ್ಟಿಯ ಮೊದಲ ಪದವನ್ನು ಕೂರಿಸುತ್ತದೆ, ಮೊದಲ ಪದ ಯಾವಾಗಲೂ ಎಲ್ಲರೂ ಬಳಸುವ ಪದ. ಹಳ್ಳಿಯ ಹೆಸರು, ಅಡುಗೆಮನೆಯ ಮಾತು, ಗದ್ದೆಯ ಮಾತು ಬಂದಾಗಲೆಲ್ಲ ಹಿಂದಕ್ಕೆ ಹೋಗಿ ತಿದ್ದಬೇಕು. ಹೆಚ್ಚು ಆತಂಕದ ವಿಷಯ ಇನ್ನೊಂದಿದೆ: ತಿದ್ದುವ ಬೇಸರಕ್ಕೆ ಬರೆಯುವವರು ತಮ್ಮ ಪದ ಬಿಟ್ಟು ಅದು ಕೊಟ್ಟ ಪದಕ್ಕೇ ಒಪ್ಪಿಕೊಳ್ಳತೊಡಗುತ್ತಾರೆ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಭಾಷೆ ಸಪ್ಪೆಯಾಗಿರುತ್ತದೆ.

ಅಕ್ಷರ ಕೀಲಿಮಣೆ ಇದಕ್ಕಿಂತ ಎಷ್ಟೋ ವಾಸಿ. ‘ಕ’ ಒತ್ತಿದರೆ ಸ್ವರಗಳ ಸಾಲು ಕಾ, ಕಿ, ಕೀ ಎಂದು ಬದಲಾಗುತ್ತದೆ, ಕಣ್ಣ ಮುಂದೆ ಕಾಗುಣಿತವೇ ಇರುತ್ತದೆ. ಇದನ್ನು ಆರಿಸಿಕೊಂಡು, ಸೆಟ್ಟಿಂಗ್ಸ್‌ನ ಪಠ್ಯ ತಿದ್ದುಪಡಿ ಭಾಗದಲ್ಲಿ ಸಲಹೆಗಳ ಪಟ್ಟಿಯನ್ನು ಆಫ್ ಮಾಡಿ. ಬಸ್ಸಿನಲ್ಲಿ ಹೊಳೆದ ಸಾಲು, ಪಾತ್ರದ ಹೆಸರು, ಎರಡು ಸಾಲಿನ ಸಂಭಾಷಣೆ ಬರೆದಿಡಲು ಇಷ್ಟು ಸಾಕು.

ಧ್ವನಿ ಟೈಪಿಂಗ್

ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಫೋನಿನಲ್ಲಿ ಜಿಬೋರ್ಡ್‌ನ ಮೈಕ್ ಒತ್ತಬೇಕು. ಕಂಪ್ಯೂಟರಿನಲ್ಲಿ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಟೂಲ್ಸ್ ಪಟ್ಟಿಯಲ್ಲಿ ವಾಯ್ಸ್ ಟೈಪಿಂಗ್ ಆರಿಸಿ, ಭಾಷೆ ಕನ್ನಡಕ್ಕೆ ಬದಲಿಸಬೇಕು. ಸ್ಪಷ್ಟವಾಗಿ, ಸುದ್ದಿ ಓದುವ ವೇಗದಲ್ಲಿ ಹೇಳಿದ ಗ್ರಾಂಥಿಕ ಕನ್ನಡವನ್ನು ಚೆನ್ನಾಗಿಯೇ ಹಿಡಿಯುತ್ತದೆ.

ಕಥೆಗಾರರಿಗೆ ತೊಡಕಾಗುವುದು ಬೇರೆಡೆ. ಡಾಕ್ಸ್‌ನಲ್ಲಿ ಕನ್ನಡಕ್ಕೆ ವಿರಾಮಚಿಹ್ನೆಯ ಆಜ್ಞೆಗಳಿಲ್ಲ. ‘ಪೂರ್ಣವಿರಾಮ’ ಎಂದರೆ ಆ ಪದವನ್ನೇ ಬರೆದುಬಿಡುತ್ತದೆ. ಹತ್ತು ನಿಮಿಷ ಹೇಳಿದರೆ ತಲೆ ಬಾಲ ಇಲ್ಲದ ಒಂದೇ ಸಾಲು. ಧಾರವಾಡದ ‘ಬಂದಾನ’, ‘ಹೋಗೂಣು’, ಕುಂದಾಪುರದ ಕ್ರಿಯಾಪದಗಳು ಬಂದರೆ ತನಗೆ ಗೊತ್ತಿರುವ ಹತ್ತಿರದ ಪದಕ್ಕೆ ಎಳೆದುಕೊಳ್ಳುತ್ತದೆ. ಯೋಚಿಸಲೆಂದು ನಿಂತರೆ ಮೈಕ್ ಆರಿಹೋಗುತ್ತದೆ. ಬರವಣಿಗೆ ಎಂದರೆ ಮುಕ್ಕಾಲು ಪಾಲು ಯೋಚಿಸುತ್ತ ನಿಲ್ಲುವುದೇ ಅಲ್ಲವೇ?

ಆದರೆ ಕೈಬರಹದ ಕರಡನ್ನು ಕಂಪ್ಯೂಟರಿಗೆ ಏರಿಸಲು ಇದರಷ್ಟು ಅನುಕೂಲದ್ದು ಬೇರೆ ಇಲ್ಲ. ನೋಟ್‌ಬುಕ್ ಎದುರಿಗಿಟ್ಟು ಒಂದೊಂದೇ ಪ್ಯಾರಾ ಓದಿ, ನಿಲ್ಲಿಸಿ, ವಿರಾಮಚಿಹ್ನೆ ಹಾಕಿ, ಮುಂದಕ್ಕೆ ಹೋಗಿ. ಪೂರ್ತಿ ಪುಟ ಓದಿದ ಮೇಲೆ ತಿದ್ದಲು ಕೂತರೆ ಎಲ್ಲಿ ವಾಕ್ಯ ಮುಗಿದಿತ್ತೆಂದು ಹುಡುಕುವುದೇ ದೊಡ್ಡ ಕೆಲಸ. ಗಟ್ಟಿಯಾಗಿ ಓದುವಾಗ ನಾಲಿಗೆ ತಡವರಿಸಿದ ವಾಕ್ಯಕ್ಕೆ ಗುರುತು ಹಾಕಿಕೊಳ್ಳಿ, ತಿದ್ದಬೇಕಾದ ವಾಕ್ಯ ಅದೇ.

ಪೆನ್ನು, ಕಾಗದ ಮತ್ತು ಎಷ್ಟು ಬರೆಯಬೇಕೆಂಬ ಲೆಕ್ಕ

ಗೆರೆ ಹಾಕಿದ ಎ4 ಲಾಂಗ್ ನೋಟ್‌ಬುಕ್ಕಿನ ಬಲಪುಟದಲ್ಲಿ ಮಾತ್ರ ಬರೆದು ಎಡಪುಟವನ್ನು ತಿದ್ದುಪಡಿಗೆ ಬಿಡಿ. 70 ಜಿಎಸ್‌ಎಮ್‌ಗಿಂತ ತೆಳುವಾದ ಹಾಳೆಯಲ್ಲಿ ಇಂಕ್ ಪೆನ್ನು ಹಿಂಬದಿಗೆ ಇಳಿಯುತ್ತದೆ, ಬಾಲ್ ಪೆನ್ನು ಸಾಕು.

ಇಂಗ್ಲಿಷ್ ಬರವಣಿಗೆಯ ಸಲಹೆಗಳಲ್ಲಿ ಕಾಣುವ ‘ದಿನಕ್ಕೆ ಸಾವಿರ ಪದ’ವನ್ನು ಕನ್ನಡಕ್ಕೆ ತರಬೇಡಿ. ‘ಹೋಗಬೇಕಾಗಿತ್ತಂತೆ’ ನಮ್ಮಲ್ಲಿ ಒಂದು ಪದ, ಅಲ್ಲಿ ನಾಲ್ಕೈದು. ಮರಳಿ ಶುರುಮಾಡುವವರಿಗೆ ದಿನಕ್ಕೆ 150 ಪದ, ಅಂದರೆ ಕೈಬರಹದಲ್ಲಿ ಸುಮಾರು ಒಂದು ಪುಟ, 20 ನಿಮಿಷ. ಎರಡು ವಾರ ಅಷ್ಟೇ ಇರಲಿ, ಹುಮ್ಮಸ್ಸಿದ್ದರೂ ಹೆಚ್ಚಿಸಬೇಡಿ. ಒಂದೇ ದಿನ ಐದು ಪುಟ ಬರೆದವರು ಮರುದಿನವೂ ಅಷ್ಟೇ ನಿರೀಕ್ಷಿಸಿ, ಆಗದೆ, ಮೂರನೆಯ ದಿನ ಕೂರುವುದನ್ನೇ ಬಿಡುತ್ತಾರೆ.

ಹಳೆಯ ಫೈಲುಗಳು

ಇದನ್ನು ಮೊದಲ ತಿಂಗಳು ಮುಟ್ಟಲೇಬೇಡಿ. ಹಳೆಯ ಕಥೆ ತೆರೆದರೆ ಹೊಸದನ್ನು ಬರೆಯುವ ಹೊತ್ತು ಅದನ್ನು ತಿದ್ದುವುದರಲ್ಲೇ ಕಳೆಯುತ್ತದೆ. ತಿಂಗಳ ನಂತರ ಹೀಗೆ ಮಾಡಿ.

ಮೊದಲು ಮೂಲ ಫೈಲಿನ ಪ್ರತಿ ತೆಗೆದಿಟ್ಟು, ಪ್ರತಿಯಲ್ಲಿ ಮಾತ್ರ ಕೆಲಸ ಮಾಡಿ. ಫಾಂಟ್ ಹೆಸರು ನೋಡಿ: ನುಡಿ ಅಥವಾ ಬಿಆರ್‌ಎಚ್ (ಬರಹದ ಫಾಂಟು) ಎಂದಿದ್ದರೆ ನುಡಿಯ ಜೊತೆ ಬರುವ ಪರಿವರ್ತಕವೋ ಆನ್‌ಲೈನ್‌ನಲ್ಲಿ ಉಚಿತವಾಗಿರುವ ಆಸ್ಕಿ-ಯೂನಿಕೋಡ್ ಪರಿವರ್ತಕವೋ ಸಾಕು. ಶ್ರೀಲಿಪಿಯ ಸಂಕೇತಗಳೇ ಬೇರೆ, ಅದಕ್ಕೆ ಅದರದೇ ಪರಿವರ್ತಕ ಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಮೊದಲೇ ಗುರುತಿಸಿ ತೆಗೆದಿಡಿ. ಪರಿವರ್ತಕಕ್ಕೆ ಅದು ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ, ಅದನ್ನೂ ಕನ್ನಡದ ತುಂಡುಗಳಾಗಿ ಮಾಡುತ್ತದೆ.

ಪರಿವರ್ತನೆಯಾದ ಮೇಲೆ ಎರಡು ಹುಡುಕಾಟ ಕಡ್ಡಾಯ. ಹಳೆಯ ಕಾಲದಲ್ಲಿ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು, ಅನುಸ್ವಾರದ ಬದಲು ಸೊನ್ನೆಯನ್ನು ಒತ್ತುವ ರೂಢಿ ಇತ್ತು, ನೋಡಲು ಎರಡೂ ಒಂದೇ. ಹಾಗಾಗಿ ‘ಸೂರ್ಯ’ ಇರಬೇಕಾದಲ್ಲಿ ‘ಸೂಯ೯’ ಉಳಿದಿರುತ್ತದೆ. ‘ಬಂದ’ ಎಂಬಲ್ಲಿ ‘ಬ೦ದ’ ಇದ್ದರೆ ಕಣ್ಣಿಗೆ ತಪ್ಪೇ ಕಾಣದು, ಆದರೆ ಪದ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದರೆ ಅಳತೆ ಕೆಡುತ್ತದೆ. ಫೈಂಡ್ ಪೆಟ್ಟಿಗೆಯಲ್ಲಿ ೯ ಮತ್ತು ೦ ಹಾಕಿ, ಅಂಕಿಯಾಗಿ ಬಂದದ್ದನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಸರಿಪಡಿಸಿ. ‘ರಿಪ್ಲೇಸ್ ಆಲ್’ ಒತ್ತಿದರೆ ಇಸವಿಗಳೂ ಹಾಳಾಗುತ್ತವೆ.

ಕಥೆ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯಿರಿ; ಚಿತ್ರದ ಕೆಳಗೆ ಅಕ್ಷರಗಳು ಬರುತ್ತವೆ. ಪತ್ರಿಕೆಯ ಪುಟವನ್ನು ಕಾಲಂವಾರು ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಎರಡು ಕಾಲಂಗಳ ಸಾಲು ಬೆರೆಯುತ್ತವೆ. ‘ಮ’ ಮತ್ತು ‘ವು’ ಅದಲುಬದಲಾಗುವುದು ಸಾಮಾನ್ಯ, ಆ ಎರಡಕ್ಕೆ ಕಣ್ಣಿಟ್ಟು ಓದಿ. ಕೈಬರಹದ ಹಳೆಯ ಪುಟಗಳಿಗೆ ಈ ವಿಧಾನ ನಂಬಬೇಡಿ, ಗಟ್ಟಿಯಾಗಿ ಓದಿ ಧ್ವನಿಯಲ್ಲಿ ಏರಿಸಿ.

ಪತ್ರಿಕೆಗೆ ಕಳಿಸುವಾಗ ಯೂನಿಕೋಡ್ ವರ್ಡ್ ಫೈಲಿನ ಜೊತೆ ಪಿಡಿಎಫ್ ಕೂಡ ಲಗತ್ತಿಸಿ. ‘ರ‍್ಯಾಂಕ್’, ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬಿಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳಿರುತ್ತವೆ, ಪುಟವಿನ್ಯಾಸದ ತಂತ್ರಾಂಶಕ್ಕೆ ಹೋದಾಗ ಅವು ಬಿದ್ದುಹೋಗುವುದುಂಟು. ಪಿಡಿಎಫ್ ಎದುರಿಗಿದ್ದರೆ ಮೂಲದಲ್ಲಿ ಹೇಗಿತ್ತೆಂದು ಸಂಪಾದಕರಿಗೆ ತಿಳಿಯುತ್ತದೆ.