ಮಳೆಗಾಲದ ಕೊಡಗಿನಲ್ಲಿ ಮಗುವಿನ ಒರೆಸುಬಟ್ಟೆ: ಮೂರು ಬಗೆಗಳ ಬಳಕೆಯ ವಿಮರ್ಶೆ

ತೊಳೆದು ಮತ್ತೆ ಬಳಸುವ ಬಟ್ಟೆಯ ಬೇಬಿ ವೈಪ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವು ಎಷ್ಟು ಮೃದುವಾಗಿವೆ, ಎಷ್ಟು ಚೆನ್ನಾಗಿ ಒರೆಸುತ್ತವೆ ಎಂಬುದರ ಬಗ್ಗೆಯೇ ಹೆಚ್ಚು ಹೇಳುತ್ತಾರೆ. ಮಡಿಕೇರಿಯ ಸುತ್ತಮುತ್ತ ವಾಸಿಸುವವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ತೊಳೆದು ಹಿಂಡಿದ ಬಟ್ಟೆ ಜುಲೈ ತಿಂಗಳಲ್ಲಿ ಎಷ್ಟು ಹೊತ್ತಿಗೆ ಒಣಗುತ್ತದೆ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುವ ಊರಿನಲ್ಲಿ, ಅರೆಬರೆ ಒಣಗಿ ಮುಗ್ಗಲು ವಾಸನೆ ಹಿಡಿದ ಬಟ್ಟೆ ಎಷ್ಟೇ ಬೆಲೆಯದ್ದಾಗಿದ್ದರೂ ಮಗುವಿನ ಮೈ ಮುಟ್ಟಿಸಲು ಯೋಗ್ಯವಲ್ಲ. ನಮ್ಮ ಮನೆಯಲ್ಲಿ ಮಗು ಹುಟ್ಟಿದ ಮೇಲೆ ಮೂರು ಬಗೆಯ ಒರೆಸುಬಟ್ಟೆಗಳು ಜೊತೆಜೊತೆಗೇ ಬಳಕೆಯಲ್ಲಿವೆ: ಆನ್‌ಲೈನ್‌ನಲ್ಲಿ ತರಿಸಿದ ಸಿದ್ಧ ಕಟ್ಟು, ಫ್ಲಾನೆಲ್ (ನವಿರಾದ ಜುಂಗಿರುವ ಮೆತ್ತನೆಯ ಬಟ್ಟೆ) ಮತ್ತು ಮಲ್‌ಮಲ್ (ತೆಳುವಾದ ಹತ್ತಿ ಬಟ್ಟೆ) ಸೇರಿಸಿ ಮನೆಯಲ್ಲಿ ಹೊಲಿದ ಎರಡು ಪದರದವು, ಹಾಗೂ ಒಂದೇ ಪದರದ ಮಲ್‌ಮಲ್ ಮತ್ತು ಹಳೆಯ ಪಂಚೆಯ ತುಂಡುಗಳು. ಈ ಮೂರನ್ನೂ ಮುಖ್ಯವಾಗಿ ಒಣಗುವ ಗುಣದಿಂದಲೇ ಅಳೆದಿದ್ದೇನೆ.

ಅಂಗಡಿಯ ಒದ್ದೆ ವೈಪ್ಸ್ ಇರುವಾಗ ಈ ಉಸಾಬರಿ ಏಕೆ ಎಂದು ಕೇಳುವವರಿಗೆ ಎರಡು ಕಾರಣಗಳನ್ನು ಹೇಳಬಹುದು. ಮೊದಲನೆಯದು ಕಸದ ಸಮಸ್ಯೆ. ಒಮ್ಮೆ ಬಳಸಿ ಎಸೆಯುವ ವೈಪ್ಸ್‌ಗಳಲ್ಲಿ ಅನೇಕವು ನೋಡಲು ಬಟ್ಟೆಯಂತಿದ್ದರೂ ಅವುಗಳಲ್ಲಿ ಪಾಲಿಯೆಸ್ಟರ್ ನಾರು ಸೇರಿರುತ್ತದೆ. ಅದು ಮಣ್ಣಿನಲ್ಲಿ ಕೊಳೆಯುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ ಬಿಡುತ್ತದೆ, ಶೌಚಾಲಯಕ್ಕೆ ಹಾಕಿದರೆ ಪೈಪು ಕಟ್ಟುತ್ತದೆ. ಪಟ್ಟಣದಲ್ಲಿರುವವರಿಗೆ ಕಸದ ಗಾಡಿಯಾದರೂ ಬರುತ್ತದೆ, ಆದರೆ ಕಾಫಿ ತೋಟದ ನಡುವಿನ ಒಂಟಿ ಮನೆಗಳಿಗೆ ಅದು ಬರುವುದಿಲ್ಲ. ಗುಂಡಿಗೆ ಹಾಕಿದ್ದು ಮೊದಲ ದೊಡ್ಡ ಮಳೆಗೆ ಕೊಚ್ಚಿಕೊಂಡು ತೋಡು ಸೇರುತ್ತದೆ, ಇಲ್ಲಿನ ತೋಡುಗಳಲ್ಲಿ ಹೆಚ್ಚಿನವು ಕೊನೆಗೆ ಕಾವೇರಿಯನ್ನೇ ಸೇರುತ್ತವೆ. ಎರಡನೆಯದು ಚರ್ಮದ ವಿಚಾರ. ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರಬೇಕಾದ ವಸ್ತುವಿಗೆ ಕೆಡದಂತೆ ಕಾಯುವ ರಾಸಾಯನಿಕ ಬೇಕೇಬೇಕು. ಹಿಂದೆ ಇದಕ್ಕಾಗಿ ಬಳಕೆಯಾಗುತ್ತಿದ್ದ ಮೀಥೈಲ್‌ಐಸೋಥಯಾಜೋಲಿನೋನ್ ಹಲವರಿಗೆ ಅಲರ್ಜಿ ತರುತ್ತದೆಂದು ಕಂಡುಬಂದು, ಹಚ್ಚಿದ ಮೇಲೆ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಅದನ್ನು ಬಳಸುವುದನ್ನು ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಷೇಧಿಸಿತು. ಎಲ್ಲ ವೈಪ್ಸ್‌ಗಳೂ ಕೆಟ್ಟವು ಎಂಬುದು ನನ್ನ ವಾದವಲ್ಲ. ಸುವಾಸನೆಯಿಲ್ಲದ, ನೀರಿನ ಅಂಶವೇ ಹೆಚ್ಚಿರುವ ಒಳ್ಳೆಯವೂ ಸಿಗುತ್ತವೆ, ಆದರೆ ಅವುಗಳ ಬೆಲೆಯೂ ಅಷ್ಟೇ ಹೆಚ್ಚು.

ಆನ್‌ಲೈನ್‌ನಲ್ಲಿ ತರಿಸಿದ ಕಟ್ಟಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಿದಿರಿನ ನಾರು ಎಂದೂ, ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರಗಳಲ್ಲಿ ವಿಸ್ಕೋಸ್ ಮತ್ತು ಪಾಲಿಯೆಸ್ಟರ್ ಎಂದೂ ಇತ್ತು. ಬಿದಿರನ್ನು ರಾಸಾಯನಿಕಗಳಲ್ಲಿ ಕರಗಿಸಿ ಎಳೆದ ನೂಲೇ ವಿಸ್ಕೋಸ್ ಆಗಿರುವುದರಿಂದ ಅದನ್ನು ಪೂರ್ತಿ ಸುಳ್ಳೆನ್ನಲಾಗದು, ಆದರೆ ಪಾಲಿಯೆಸ್ಟರ್ ಇರುವುದನ್ನು ಪೆಟ್ಟಿಗೆಯ ಹೊರಗೆ ಹೇಳದಿರುವುದು ಸರಿಯಲ್ಲ. ಟರ್ಕಿ ಟವೆಲಿನಂತೆ ಕುಣಿಕೆ ಕುಣಿಕೆಯಾಗಿರುವ ಈ ಬಟ್ಟೆ ಹಸ್ತಕ್ಕೆ ಬಹಳ ಮೆತ್ತಗೆನಿಸುತ್ತದೆ. ತೊಂದರೆ ಇರುವುದೂ ಆ ಕುಣಿಕೆಗಳಲ್ಲೇ: ಮಗುವಿನ ಹೇಲು ಅವುಗಳ ಬುಡದಲ್ಲಿ ಸಿಕ್ಕಿಕೊಂಡು, ನಲ್ಲಿಯ ಕೆಳಗೆ ಹಿಡಿದು ಬೆರಳಿನಿಂದ ಉಜ್ಜಿದರೂ ಹೋಗದು. ಮಳೆಗಾಲದಲ್ಲಿ ಇದರ ಅಂಚು ಒಣಗಿದರೂ ನಡು ಒದ್ದೆಯಾಗಿಯೇ ಉಳಿಯುತ್ತದೆ. ಈಗ ಇವು ನಮ್ಮ ಮನೆಯಲ್ಲಿ ಊಟದ ನಂತರ ಮಗುವಿನ ಕೈ ಬಾಯಿ ಒರೆಸಲು ಮಾತ್ರ ಬಳಕೆಯಾಗುತ್ತಿವೆ, ಆ ಕೆಲಸಕ್ಕೆ ಚೆನ್ನಾಗಿಯೇ ಇವೆ.

ಎರಡು ಪದರದವನ್ನು ಹೊಲಿಯುವುದು ಸುಲಭ. ಫ್ಲಾನೆಲ್ ಮತ್ತು ಮಲ್‌ಮಲ್ ಬಟ್ಟೆಗಳನ್ನು ಎಂಟು ಇಂಚಿನ ಚೌಕಗಳಾಗಿ ಕತ್ತರಿಸಿ, ಒಳಮೈ ಹೊರಗಾಗುವಂತೆ ಒಂದರ ಮೇಲೊಂದಿಟ್ಟು ಸುತ್ತ ಹೊಲಿಗೆ ಹಾಕಿ, ಎರಡು ಬೆರಳಿನಷ್ಟು ಜಾಗ ಬಿಟ್ಟು, ಅಲ್ಲಿಂದ ತಿರುವಿ, ಮೇಲೊಂದು ಹೊಲಿಗೆ ಎಳೆದರೆ ಮುಗಿಯಿತು. ಫ್ಲಾನೆಲಿನ ನವಿರಾದ ಜುಂಗು ಹೇಲನ್ನು ಚೆನ್ನಾಗಿ ಹಿಡಿಯುವುದರಿಂದ ಒಂದು ಬಾರಿಗೆ ಒಂದೇ ಬಟ್ಟೆ ಸಾಕಾಗುತ್ತದೆ. ಒರೆಸುವ ಗುಣದಲ್ಲಿ ಮೂರರಲ್ಲಿಯೂ ಇದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೇಸಿಗೆಯಲ್ಲಿ, ಅಥವಾ ಕುಶಾಲನಗರದಂತೆ ಮಳೆ ಕಡಿಮೆಯಿರುವ ಕಡೆ, ಕಣ್ಣು ಮುಚ್ಚಿ ಇದನ್ನೇ ಹೊಲಿಸಿಕೊಳ್ಳಬಹುದು. ಆದರೆ ಕಕ್ಕಡ ತಿಂಗಳ (ಜುಲೈ-ಆಗಸ್ಟ್ ನಡುವಿನ) ಮಳೆ ಹಿಡಿದಾಗ ಎರಡು ಪದರಗಳ ನಡುವೆ, ಅದರಲ್ಲೂ ಬಟ್ಟೆ ನಾಲ್ಕು ಮಡಿಕೆಯಾಗುವ ಮೂಲೆಗಳಲ್ಲಿ, ತೇವ ಕುಳಿತುಬಿಡುತ್ತದೆ. ಹೊರಗಿನಿಂದ ಒಣಗಿದೆಯೆನಿಸಿದ ಬಟ್ಟೆಯ ಮೂಲೆಯನ್ನು ತುಟಿಗೆ ಮುಟ್ಟಿಸಿ ನೋಡಿದರೆ ತಣ್ಣಗಿರುತ್ತದೆ. ಹಾಗೆಯೇ ಮಡಚಿಟ್ಟರೆ ಮೂಲೆಯ ಹೊಲಿಗೆಯುದ್ದಕ್ಕೂ ಸಾಸಿವೆ ಕಾಳಿಗಿಂತ ಚಿಕ್ಕದಾದ ಕಪ್ಪು ಬೂಷ್ಟಿನ ಚುಕ್ಕೆಗಳು ಏಳುತ್ತವೆ. ಅವು ಬಿದ್ದ ಬಟ್ಟೆ ಕುದಿಸಿದರೂ ಬಿಳಿಯಾಗುವುದಿಲ್ಲ, ನಾನು ಅಂಥವನ್ನು ಮಗುವಿಗೆ ಬಳಸುವುದಿಲ್ಲ.

ಹೀಗಾಗಿ ನನ್ನ ಮೆಚ್ಚುಗೆ ಮೂರನೆಯದಕ್ಕೆ. “ದಪ್ಪ ಬಟ್ಟೆ ನೋಡುವುದಕ್ಕೆ ಚೆಂದ, ಮಳೆಗಾಲದಲ್ಲಿ ಅದನ್ನು ಒಣಗಿಸುವವರು ಯಾರು ಮಗಳೇ?” ಎಂದು ನಮ್ಮ ಅತ್ತೆ ಮೊದಲೇ ಕೇಳಿದ್ದರು. ಅವರು ತಮ್ಮ ಮಕ್ಕಳಿಗೆ ಬಳಸಿದ್ದು ಮಾವನವರ ಸವೆದ ಪಂಚೆಯನ್ನು ಹರಿದ ತುಂಡುಗಳನ್ನೇ. ನೂರಾರು ಬಾರಿ ಒಗೆದು ಗಂಜಿಯೆಲ್ಲ ಹೋದ ಹತ್ತಿಗೆ ಇರುವ ಮೆದುತನವನ್ನು ಯಾವ ಹೊಸ ಬಟ್ಟೆಯೂ ಮೊದಲ ದಿನ ಕೊಡಲಾರದು. ಪಂಚೆ ಸಿಗದವರು ಮಲ್‌ಮಲ್ ಕೊಳ್ಳಬಹುದು. ಶುಕ್ರವಾರದ ಸಂತೆಗೆಂದು ಮಡಿಕೇರಿಗೆ ಬಂದಾಗ ಬಟ್ಟೆ ಅಂಗಡಿಯಲ್ಲಿ ತುಂಡು ಬಟ್ಟೆಯ ರಾಶಿಯನ್ನು ಕೇಳಿ ನೋಡಿದರೆ ಕಡಿಮೆ ಬೆಲೆಗೂ ಸಿಗುತ್ತದೆ. ಅಚ್ಚ ಹತ್ತಿಯೇ ಎಂದು ತಿಳಿಯಲು ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಬೇಕು: ಹತ್ತಿ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಎರಡು ಮೂರು ಬಾರಿಯಾದರೂ ಒಗೆಯಲೇಬೇಕು. ಇದರಿಂದ ಬಟ್ಟೆ ಕುಗ್ಗುವಷ್ಟು ಕುಗ್ಗಿ ಚೌಕಗಳು ಮುಂದೆ ಸೊಟ್ಟಗಾಗುವುದು ತಪ್ಪುತ್ತದೆ, ಗಂಜಿಯೂ ಬಿಡುತ್ತದೆ. ಗಂಜಿ ಹೋಗಿದೆಯೇ ಎಂಬುದನ್ನು ಒಂದು ಹನಿ ನೀರು ಹೇಳುತ್ತದೆ: ಬಟ್ಟೆಯ ಮೇಲೆ ಬಿಟ್ಟ ಹನಿ ಮಣಿಯಂತೆ ನಿಂತರೆ ಇನ್ನೊಮ್ಮೆ ಒಗೆಯಬೇಕು, ಬಿದ್ದಲ್ಲೇ ಹರಡಿ ಇಂಗಿದರೆ ಬಟ್ಟೆ ಸಿದ್ಧವಾಗಿದೆ. 44 ಇಂಚು ಅಗಲದ ಒಂದು ಮೀಟರ್ ಬಟ್ಟೆ ಕುಗ್ಗಿದ ಮೇಲೂ ಎಂಟು ಇಂಚಿನ 20 ಚೌಕಗಳಾಗುತ್ತವೆ. ಅಂಚನ್ನು ಮಡಚಿ ಹೊಲಿದರೆ ಅಲ್ಲಿ ಮತ್ತೆ ದಪ್ಪವಾಗುವುದರಿಂದ, ಸೀರೆಗೆ ಫಾಲ್ ಹಚ್ಚಿ ಜಿಗ್‌ಜಾಗ್ ಮಾಡಿಕೊಡುವವರ ಬಳಿ ಸುತ್ತಲೂ ಜಿಗ್‌ಜಾಗ್ ಹಾಕಿಸಿಕೊಳ್ಳುವುದು ಮೇಲು. ಹತ್ತಿಯ ದಾರವನ್ನೇ ಹಾಕಲು ಹೇಳಬೇಕು. ನೈಲಾನ್ ದಾರವಾದರೆ ಮೂಲೆಯಲ್ಲಿ ಕತ್ತರಿಸಿದ ತುದಿ ಮುಳ್ಳಿನಂತೆ ಚುಚ್ಚುತ್ತದೆ, ದೊಡ್ಡವರ ಬೆರಳಿಗೆ ತಿಳಿಯದಿದ್ದರೂ ಮಗುವಿನ ತೊಡೆಸಂದಿಗೆ ತಿಳಿಯುತ್ತದೆ. ಒಂದೇ ಪದರದ ಬಟ್ಟೆಯ ಕುಂದೂ ಇದೆ. ಅದನ್ನು ನಾಲ್ಕು ಮಡಿಕೆ ಮಾಡಿಯೇ ಒರೆಸಬೇಕು, ಹೆಚ್ಚು ಹೊಲಸಾದಾಗ ಎರಡು ಮೂರು ಬೇಕಾಗುತ್ತವೆ. ಆ ಮಡಿಕೆಯನ್ನು ಬಿಡಿಸಿ ಹರವಿದರೆ ಮತ್ತೆ ತೆಳುವಾಗಿ ಬೇಗ ಒಣಗುತ್ತದೆಂಬುದೇ ಇದರ ದೊಡ್ಡ ಅನುಕೂಲ.

ಒರೆಸುವ ನೀರಿಗೆ ಏನೇನೋ ಬೆರೆಸಲು ಸಲಹೆ ಕೊಡುವವರಿದ್ದಾರೆ: ಬೇಬಿ ಶಾಂಪೂ, ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ಸುಗಂಧ ತೈಲ. ಇವು ಯಾವುವೂ ಬೇಡ. ಮಗುವಿನ ಚರ್ಮ ಸಹಜವಾಗಿ ತುಸು ಆಮ್ಲೀಯವಾಗಿರುತ್ತದೆ, ಸೋಡಾದಂಥ ಕ್ಷಾರ ಆ ರಕ್ಷಣೆಯನ್ನು ಕೆಡಿಸುತ್ತದೆ. ಎಣ್ಣೆ ಬಟ್ಟೆಯ ನೂಲಿಗೆ ಅಂಟಿ ಕ್ರಮೇಣ ಅದು ನೀರು ಹೀರುವುದನ್ನೇ ನಿಲ್ಲಿಸುತ್ತದೆ, ಆದ್ದರಿಂದ ಎಣ್ಣೆ ಸ್ನಾನದ ದಿನ ಬಳಸುವ ತುಂಡುಗಳನ್ನು ಬೇರೆಯೇ ಇಡಬೇಕು. ಕುದಿಸಿ ಉಗುರು ಬೆಚ್ಚಗಾಗಿಸಿದ ನೀರು ಫ್ಲಾಸ್ಕಿನಲ್ಲಿದ್ದರೆ ಸಾಕು. ಬಳಸುವ ಮೊದಲು ಅದರ ಬಿಸಿಯನ್ನು ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಬೇಕು. ಬಟ್ಟೆಗಳನ್ನು ಮೊದಲೇ ನೆನೆಸಿ ಡಬ್ಬಿಯಲ್ಲಿ ಜೋಡಿಸಿಡುವ ಪದ್ಧತಿ ಒಣ ಹವೆಯ ಊರುಗಳಿಗೆ ಹೊಂದೀತು, ಇಲ್ಲಿ ಮಾತ್ರ ಬೇಡ. ಒಣ ಬಟ್ಟೆಯನ್ನು ಆಗಿಂದಾಗ್ಗೆ ನೆನೆಸಿಕೊಂಡು ಒರೆಸಿ, ಕೊನೆಗೊಂದು ಒಣ ತುಂಡಿನಿಂದ ತೇವ ತೆಗೆಯಬೇಕು. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಕೆಂಪಗಾದ ಚರ್ಮದ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆಗಳು ಹರಡಿದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ಆಗ ಬಟ್ಟೆ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಬೇಕು.

ಒಗೆಯುವ ಕೆಲಸದಲ್ಲಿ ಕಷ್ಟವೇನೂ ಇಲ್ಲ. ಹೇಲನ್ನು ಶೌಚಾಲಯಕ್ಕೆ ತೊಳೆದು ಹಾಕಿ, ಬಟ್ಟೆಯನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು, ಮರುದಿನದೊಳಗೆ ಕಡಿಮೆ ಪುಡಿ ಹಾಕಿ ಬಿಸಿನೀರಿನಲ್ಲಿ ಒಗೆದು, ಸೋಪಿನ ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿಸಿದರಾಯಿತು. ಬಟ್ಟೆ ಮೃದುಗೊಳಿಸುವ ದ್ರವಗಳು ಎಣ್ಣೆಯಂತೆಯೇ ನೂಲಿಗೆ ಲೇಪವಾಗುತ್ತವೆ, ಹಾಕಬಾರದು. ಒಣಗಿಸುವಾಗ ನಮ್ಮನ್ನು ಕಾಪಾಡುವುದು ಬಚ್ಚಲುಮನೆಯ ಹಂಡೆ ಒಲೆ. ಕಾಫಿ ಗಿಡದ ಸೌದೆ ಹಾಕಿ ಬೆಳಿಗ್ಗೆ ನೀರು ಕಾಯಿಸಿದ ಮೇಲೆ ಒಲೆಯ ಗೋಡೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಅದರ ಮುಂದೆ ಕಟ್ಟಿದ ಹಗ್ಗದಲ್ಲಿ ಬಿಡಿಬಿಡಿಯಾಗಿ ಹರವಿದ ಒಂದು ಪದರದ ತುಂಡುಗಳು ಊಟದ ಹೊತ್ತಿಗೆ ಒಣಗಿರುತ್ತವೆ. ಆದರೆ ಹಗ್ಗವನ್ನು ಹೊಗೆ ಹೋಗುವ ದಾರಿಯಲ್ಲಿ ಕಟ್ಟಬಾರದು. ಕೆಂಡದ ಮೇಲೆ ಬುಟ್ಟಿ ಕವುಚಿ ಸಾಂಬ್ರಾಣಿ ಹಾಕಿ ಬಟ್ಟೆಗೆ ಹೊಗೆ ಹಿಡಿಸುವ ಹಳೆಯ ಪದ್ಧತಿಯನ್ನು, ಹಿರಿಯರ ಮೇಲಿನ ಗೌರವಕ್ಕೆ ಧಕ್ಕೆಯಿಲ್ಲದೆಯೇ, ನಾವು ಬಿಟ್ಟಿದ್ದೇವೆ. ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೊನೆಯಲ್ಲಿ ಉಳಿಯುವ ಚೂರು ತಂಪನ್ನು ಇಸ್ತ್ರಿ ಪೆಟ್ಟಿಗೆ ತೆಗೆಯುತ್ತದೆ, ಕರೆಂಟ್ ಇದ್ದರೆ. ಮಳೆ ಬಿಟ್ಟ ದಿನ ಕಾಫಿ ಕಣದಲ್ಲಿ ಎಲ್ಲವನ್ನೂ ಒಮ್ಮೆ ಬಿಸಿಲಿಗೆ ಹರವಿದರೆ ಹಳದಿ ಕಲೆಗಳೂ ಮಾಸುತ್ತವೆ.

ಖರ್ಚಿನ ಲೆಕ್ಕದಲ್ಲಿ ಒಂದು ಪದರದ ಬಟ್ಟೆಗೆ ಸಾಟಿಯಿಲ್ಲ. ಎರಡು ಮೀಟರ್ ಮಲ್‌ಮಲ್ ಮತ್ತು ಜಿಗ್‌ಜಾಗ್ ಹಾಕಿಸಿದ ಕೂಲಿ ಸೇರಿದರೂ ಅಂಗಡಿಯ ವೈಪ್ಸ್‌ನ ಕೆಲವೇ ಕಟ್ಟುಗಳ ಬೆಲೆಯಷ್ಟಾಗುತ್ತದೆ. ಪಂಚೆಯಾದರೆ ಅದೂ ಇಲ್ಲ. ಪ್ರಯಾಣಕ್ಕೆ ಮಾತ್ರ ನಾನು ಅಂಗಡಿಯ ವೈಪ್ಸ್‌ನ ಚಿಕ್ಕ ಕಟ್ಟೊಂದನ್ನು ಈಗಲೂ ಚೀಲದಲ್ಲಿಟ್ಟುಕೊಳ್ಳುತ್ತೇನೆ. ಮೈಸೂರಿನ ಬಸ್ಸಿನಲ್ಲಿ ಫ್ಲಾಸ್ಕ್ ತೆರೆದು ಬಟ್ಟೆ ನೆನೆಸುವುದು ಆಗದ ಕೆಲಸ, ಹೊಲಸು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮೂರು ನಾಲ್ಕು ಗಂಟೆ ಕೂರುವುದಂತೂ ಇನ್ನೂ ಕಷ್ಟ.

ಪಟ್ಟಣದ ಬಾಡಿಗೆ ಮನೆಯಲ್ಲಿ ಸೌದೆ ಒಲೆಯಿಲ್ಲದೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಸಂಸಾರಕ್ಕೆ ಈ ಪದ್ಧತಿಯನ್ನು ನಾನು ಒತ್ತಾಯಿಸಲಾರೆ. ಅಂಥವರು ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಬಟ್ಟೆ ಬಳಸಿ, ಮಳೆಗಾಲದಲ್ಲಿ ಸುವಾಸನೆಯಿಲ್ಲದ ವೈಪ್ಸ್‌ಗೆ ಹೋದರೆ ತಪ್ಪೇನಿಲ್ಲ. ಮನೆಯಲ್ಲಿ ಒಲೆಯ ಬಿಸಿಯೂ ಒಗೆಯಲು ಕೈಜೋಡಿಸುವವರೂ ಇರುವವರು ಒಂದು ಪದರದ 40 ತುಂಡುಗಳನ್ನು ಹೊಲಿಸಿಕೊಳ್ಳಬಹುದು. ಎಳೆಗೂಸಿಗೆ ದಿನಕ್ಕೆ ಎಂಟು ಹತ್ತು ಬಾರಿ ಬಟ್ಟೆ ಬದಲಿಸಬೇಕಾಗುವುದರಿಂದ, ಅರ್ಧ ಬಳಕೆಯಲ್ಲಿರುವಾಗ ಉಳಿದರ್ಧ ಹಗ್ಗದ ಮೇಲಿರಲು ಅಷ್ಟು ಬೇಕು. ಮಗು ಮಳೆಗಾಲದಲ್ಲಿ ಹುಟ್ಟುವುದಿದ್ದರೆ ಬಟ್ಟೆಯನ್ನು ಮೇ ತಿಂಗಳ ಬಿಸಿಲಿರುವಾಗಲೇ ತಂದು, ಒಗೆದು, ಗಂಜಿ ತೆಗೆದು, ಹೊಲಿಸಿ ಇಟ್ಟುಕೊಳ್ಳಬೇಕು.