ತೂತುಗಳ ಸಿಂಬಲ್ ಜೊತೆ ಎರಡು ವರ್ಷ

ನನ್ನ ಡ್ರಮ್ ಸೆಟ್ಟಿನಲ್ಲಿ ಮೈಯಲ್ಲೆಲ್ಲ ತೂತು ಕೊರೆದ ಒಂದು ಸಿಂಬಲ್, ಅಂದರೆ ಕಂಚಿನ ತಟ್ಟೆ, ಇದೆ. ಇದರ ದನಿ ಬೇಗ ಅಡಗುತ್ತದೆ, ಅದಕ್ಕೇ ನನಗಿದು ಅಷ್ಟು ಇಷ್ಟ. ಜೋರು ಪೆಟ್ಟಿಗೆ ಬಳಸುವ ಮಾಮೂಲಿ ಕ್ರ್ಯಾಶ್ ಸಿಂಬಲ್ ಹೊಡೆದರೆ ಅದರ ಗುಂಯ್‌ಗುಡುವಿಕೆ ಮುಂದಿನ ಪೆಟ್ಟುಗಳ ಮೇಲೂ ಹರಡಿಕೊಳ್ಳುತ್ತದೆ. ಈ 16 ಇಂಚಿನ ಕೈಕೆಲಸದ ಸಿಂಬಲ್ 'ಖ್ಛಾ' ಎಂದು ಒಮ್ಮೆ ಅರಚಿ ಸುಮ್ಮನಾಗುತ್ತದೆ. ಸ್ನೇರ್ ಎಂಬ ಚಿಕ್ಕ ಡ್ರಮ್ ಜೊತೆ ಒಟ್ಟಿಗೆ ಹೊಡೆದರೆ ಚಪ್ಪಾಳೆಯ ಹಾಗೆ ಕೇಳುತ್ತದೆ. ನನ್ನ ಬಜೆಟ್ಟಿಗೆ ಇಂಥ ವಿಶೇಷ ದನಿಯ ಎಫೆಕ್ಟ್ ಸಿಂಬಲ್ ಒಂದೇ ದಕ್ಕುವುದು, ಹಾಗಾಗಿ ತುಂಬ ಯೋಚಿಸಿಯೇ ಕೊಂಡಿದ್ದೆ.

ಬಾರಿಸಿ ಮುಗಿಸಿದ ಮೇಲೆ ಒಣ ಬಟ್ಟೆಯಲ್ಲಿ ಬೆರಳಿನ ಗುರುತು ಒರೆಸುತ್ತೇನೆ. ಪಾಲಿಶ್ ಹಚ್ಚಿಲ್ಲ, ಕಂಚು ತಾನಾಗಿ ಕಂದುಗಟ್ಟಲಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತೇನೆ. ಸುತ್ತಿಗೆಯ ಒಂದೊಂದು ಪೆಟ್ಟಿನ ಗುಳಿಯಲ್ಲೂ ಬೆಳಕು ಬೇರೆ ಬೇರೆಯಾಗಿ ನಿಲ್ಲುತ್ತದೆ.

ಹದಿನಾಲ್ಕನೇ ತಿಂಗಳಲ್ಲಿ ಹಾಗೆ ತಿರುಗಿಸುವಾಗಲೇ ಕೂದಲೆಳೆಯಂಥ ಬಿರುಕು ಕಂಡಿದ್ದು. ಹೊರ ಅಂಚಿನಲ್ಲಲ್ಲ, ಒಂದು ತೂತಿನ ಒಳ ಅಂಚಿನಲ್ಲಿ. ಬೆರಳು ಆಡಿಸಿದರೆ ಅಲ್ಲಿ ಕೊರೆದಾಗ ಉಳಿದ ಚೂರು ಹಾಗೇ ಚುಚ್ಚಿತು. 80 ಭಾಗ ತಾಮ್ರ, 20 ಭಾಗ ತವರದ ಕಂಚು ದನಿಗೆ ಶ್ರೀಮಂತ, ಆದರೆ ಪೆಡಸು. ಅಂಥ ಲೋಹದಲ್ಲಿ ಒರಟು ಕಚ್ಚು ಉಳಿದರೆ ಪ್ರತಿ ಪೆಟ್ಟಿನ ಒತ್ತಡವೂ ಅಲ್ಲೇ ಸೇರುತ್ತದೆ. ತಯಾರಿಸಿದವರಿಗೆ ಫೋಟೋ ಕಳಿಸಿದರೆ 'ಜೋರಾಗಿ ಹೊಡೆದಿದ್ದೀರಿ' ಎಂಬ ಉತ್ತರ ಬಂತು. ನಾನು ಅಂಚಿಗೆ ನೇರವಾಗಿ ಬಾರಿಸುವವನಲ್ಲ, ಓರೆಯಾಗಿ ಸವರಿ ತೆಗೆಯುವವನು. ಸ್ಟ್ಯಾಂಡಿನ ಮೇಲೆ ಅದನ್ನು ಹಿಡಿದಿಡುವ ವಿಂಗ್ ನಟ್ಟನ್ನೂ ಬಿಗಿ ಮಾಡುವುದಿಲ್ಲ, ಸಿಂಬಲ್ ತೂಗಾಡುವಷ್ಟು ಸಡಿಲ ಬಿಡುತ್ತೇನೆ. ತುಂಬ ಬೇಜಾರಾಯಿತು. ಸಾವಿರಾರು ಪೆಟ್ಟು ಹಾಕಿ ತಟ್ಟೆ ರೂಪಿಸಿದ ಕೈ, ತೂತುಗಳಿಗೆ ಐದು ನಿಮಿಷ ಅರ ಹಾಕಬಾರದಿತ್ತೇ?

ಕೊನೆಗೆ ನಾನೇ ಸರಿಮಾಡಿದೆ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ತುಸು ಮುಂದೆ ಹೋಗಿರುತ್ತದೆ. ಆದ್ದರಿಂದ ಅದು ಇನ್ನೂ ಹರಿಯದೆ ಅಲ್ಲೇ ನಿಲ್ಲಲೆಂದು, ಕೊನೆ ಕಂಡ ಜಾಗದ ಸ್ವಲ್ಪ ಆಚೆ, ಎಣ್ಣೆ ಬಿಟ್ಟು ನಿಧಾನಕ್ಕೆ 3 ಮಿಲಿಮೀಟರ್ ತೂತು ಕೊರೆದೆ. ಉಳಿದ ಎಲ್ಲ ತೂತುಗಳ ಒಳ ಅಂಚನ್ನೂ ಸಣ್ಣ ದುಂಡು ಅರದಿಂದ ಉಜ್ಜಿ, ಮೇಲೆ ನಯವಾದ ಉಜ್ಜುಕಾಗದ ಹಾಕಿದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಂಚು ನುಣುಪಾಗುತ್ತ ಬಂದ ಹಾಗೆ ಸಿಟ್ಟೂ ಇಳಿಯಿತು. ದನಿಯಲ್ಲಿ ವ್ಯತ್ಯಾಸ ನನ್ನ ಕಿವಿಗೆ ಸಿಕ್ಕಿಲ್ಲ.

ಕೊಳ್ಳುವವರು ಮೊದಲು ಬಾರಿಸಬೇಡಿ, ತೂತುಗಳೊಳಗೆ ಹುಷಾರಾಗಿ ಬೆರಳು ಆಡಿಸಿ. ಚುಚ್ಚಿದರೆ ಬೇರೆಯದು ಕೇಳಿ. ನನ್ನದರಲ್ಲಿ ಹತ್ತು ತಿಂಗಳಾದರೂ ಬಿರುಕು ಆ ಪುಟ್ಟ ತೂತನ್ನು ದಾಟಿಲ್ಲ. ಪ್ರತಿ ಸಲ ಒರೆಸುವಾಗ ಮೊದಲು ಅಲ್ಲೇ ನೋಡುತ್ತೇನೆ.